ಜಂತಿನ ಗುಳಿಗೆ ಕೊಟ್ಟರೂ ಓದು ತಲೆಗೆ ಹತ್ತುತ್ತಿಲ್ಲವೇ?

ಪ್ರಶ್ನೆ: ಮಗಳಿಗೆ ಎಂಟು ವರ್ಷ. ಶಾಲೆಯಲ್ಲಿ ಮಂಕಾಗಿ ಕೂಡುತ್ತಾಳೆ, ಹೇಳಿದ್ದು ನೆನಪಿರುವುದಿಲ್ಲ ಎನ್ನುತ್ತಾರೆ. ಬಳಪ, ಗೋಡೆಯ ಮಣ್ಣು ತಿನ್ನುವ ಚಾಳಿ ಬೇರೆ. ಫೆಬ್ರುವರಿಯಲ್ಲಿ ಶಾಲೆಯಲ್ಲೇ ಜಂತಿನ ಗುಳಿಗೆ ಕೊಟ್ಟರು, ಏನೂ ಫರಕು ಬಿದ್ದಿಲ್ಲ. ಇನ್ನೊಂದು ಕೊಡಲೇ?
– ಒಬ್ಬ ತಾಯಿ, ಜಮಖಂಡಿ ತಾಲ್ಲೂಕು

ಉತ್ತರ: ಮೊದಲು ರಕ್ತ ಪರೀಕ್ಷೆ ಮಾಡಿಸಿರಿ, ತಾಯಿ. ಬಳಪ, ಮಣ್ಣು ತಿನ್ನುವ ಮಗುವಿಗೆ ಕಬ್ಬಿಣದ ಕೊರತೆ ಇರುವ ಸಂಭವ ಹೆಚ್ಚು. ಈ ವಯಸ್ಸಿನಲ್ಲಿ ಹಿಮೋಗ್ಲೋಬಿನ್ 11.5 ಗ್ರಾಂಗಿಂತ ಕೆಳಗಿದ್ದರೆ ಅದು ರಕ್ತಹೀನತೆ.

ಬರಿಗಾಲಲ್ಲಿ ಹೊಲದ ಹಸಿ ಮಣ್ಣು ತುಳಿದಾಗ ಕೊಕ್ಕೆಹುಳ ಎಂಬ ಜಂತಿನ ಮರಿ ಚರ್ಮ ಕೊರೆದು ಒಳಹೊಕ್ಕು, ಕೊನೆಗೆ ಸಣ್ಣ ಕರುಳಿಗೆ ಕಚ್ಚಿಕೊಳ್ಳುತ್ತದೆ. ಹುಳದ ಜಾತಿಗೆ ತಕ್ಕಂತೆ ಒಂದೊಂದರಿಂದ ದಿನಕ್ಕೆ 0.03ರಿಂದ 0.2 ಮಿ.ಲೀ. ರಕ್ತ ಹೋಗುತ್ತದೆ. ನೂರು ಹುಳಗಳಿದ್ದರೆ ಹೆಚ್ಚೆಂದರೆ ನಾಲ್ಕು ಚಹಾ ಚಮಚ, ಅದೂ ದಿನಾ! ರಕ್ತದ ಜೊತೆ ಕಬ್ಬಿಣವೂ ಹೋಯಿತು. ನರತಂತುಗಳ ಹೊದಿಕೆಗೂ ಮಿದುಳಿನಲ್ಲಿ ಸಂದೇಶ ಸಾಗಿಸುವ ರಾಸಾಯನಿಕಗಳಿಗೂ ಬೇಕಾದದ್ದು ಅದೇ ಕಬ್ಬಿಣ. ಗುಳಿಗೆ ಹುಳ ಕೊಲ್ಲುತ್ತದೆಯೇ ಹೊರತು ಹೋದ ಕಬ್ಬಿಣವನ್ನು ತಂದುಕೊಡುವುದಿಲ್ಲ. ಎಲ್ಲ ಮಕ್ಕಳಿಗೂ ಗುಳಿಗೆ ಕೊಟ್ಟ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಎಂಬ ಸಂಸ್ಥೆಯ ವಿಮರ್ಶೆಯಲ್ಲೂ, ಬರೀ ಗುಳಿಗೆಯಿಂದ ಬುದ್ಧಿಶಕ್ತಿ ಹೆಚ್ಚಿದ್ದು ಕಂಡುಬಂದಿಲ್ಲ.

ಶಾಲೆಯಲ್ಲಿ 5ರಿಂದ 9 ವರ್ಷದವರಿಗೆ ವಾರಕ್ಕೊಂದು ಕೊಡುವ ಗುಲಾಬಿ ಗುಳಿಗೆಯಲ್ಲಿ 45 ಮಿ.ಗ್ರಾಂ ಕಬ್ಬಿಣವಿದೆ. ಅದು ಕೊರತೆ ಬಾರದಂತೆ ತಡೆಯಲಿಕ್ಕೆ. ರಕ್ತಹೀನತೆ ಆಗಲೇ ಇದ್ದರೆ ವೈದ್ಯರು ತೂಕ ನೋಡಿ ದಿನದ ಔಷಧ ಬರೆದುಕೊಡುತ್ತಾರೆ. ಅದನ್ನು ಚಹಾ, ಹಾಲಿನ ಜೊತೆ ಕೊಡಬೇಡಿ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಲಿಂಬೆ ನೀರು ಒಳ್ಳೆಯದು. ಮಲ ಕಪ್ಪಗಾದರೆ ಗಾಬರಿಯಾಗಿ ನಿಲ್ಲಿಸಬೇಡಿ, ಅದು ಸಹಜ.

ಜಂತಿನ ಮುಂದಿನ ಗುಳಿಗೆ ಆಗಸ್ಟ್ 10ರ ಸುತ್ತ ಶಾಲೆಯಲ್ಲೇ ಸಿಗುತ್ತದೆ. ಅಲ್ಲಿಯವರೆಗೆ ಮಲ ಪರೀಕ್ಷೆಯನ್ನೂ ಮಾಡಿಸಿ. ಚಾಟಿಹುಳ ಎಂಬ ಇನ್ನೊಂದು ಬಗೆಯ ಜಂತು ಇದ್ದರೆ ಒಂದೇ ಗುಳಿಗೆಗೆ ಅದು ಪೂರ್ತಿ ಹೋಗುವುದು ಕಡಿಮೆ, ಮೂರು ದಿನ ಕೊಡಬೇಕಾಗುತ್ತದೆ. ಕಣ್ಣು, ಕಿವಿಯನ್ನೂ ತೋರಿಸಿ. ಹಲಗೆ ಕಾಣದ ಮಗುವೂ ಮಂಕಾಗಿಯೇ ಕೂಡುತ್ತದೆ.

ಪ್ರಶ್ನೆ: ಒಂದೂವರೆ ವರ್ಷದ ಮೊಮ್ಮಗನಿಗೆ ಅಂಗನವಾಡಿಯಲ್ಲಿ ಜಂತಿನ ಗುಳಿಗೆ ಕೊಡುತ್ತಾರಂತೆ. ಗಂಟಲಿಗೆ ಸಿಕ್ಕರೆ?
– ಒಬ್ಬ ಅಜ್ಜಿ, ಇಂಡಿ

ಉತ್ತರ: ನಿಮ್ಮ ಅಂಜಿಕೆ ಸರಿಯಾದದ್ದೇ, ಅಜ್ಜಿ. ಅದಕ್ಕೇ ಇಡಿಯಾಗಿ ಕೊಡುವುದಿಲ್ಲ. ಎರಡು ವರ್ಷ ತುಂಬುವವರೆಗೆ ಅರ್ಧ ಅಲ್ಬೆಂಡಜೋಲ್ (ಜಂತಿನ ಗುಳಿಗೆಯ ಹೆಸರು), ಅಂದರೆ 200 ಮಿ.ಗ್ರಾಂ. ಎರಡು ಚಮಚಗಳ ನಡುವೆ ಒತ್ತಿ, ಹರಳು ಉಳಿಯದಂತೆ ಪುಡಿ ಮಾಡಿ, ಸ್ವಲ್ಪ ನೀರಿನಲ್ಲಿ ಕಲಸಿ, ಮಗುವನ್ನು ನೆಟ್ಟಗೆ ಕೂಡಿಸಿ ಕುಡಿಸಬೇಕು. ಅಳುವಾಗ ಬೇಡ, ಮೂಗು ಹಿಡಿದಂತೂ ಬೇಡವೇ ಬೇಡ. ಎರಡು ತುಂಬಿದ ಮೇಲೆ ಪೂರ್ತಿ 400 ಮಿ.ಗ್ರಾಂ, ಮೂರರವರೆಗೆ ಪುಡಿ ಮಾಡಿಯೇ. ಆ ದಿನ ಜ್ವರವಿದ್ದರೆ ಬಿಡಿ, ಬಿಟ್ಟುಹೋದ ಮಕ್ಕಳಿಗಾಗಿ ಇನ್ನೊಂದು ದಿನ ಇಟ್ಟಿರುತ್ತಾರೆ.

ಪ್ರಶ್ನೆ: ಬೆಲ್ಲ ತಿಂದರೆ ಹುಳ ಆಗುತ್ತವೆಯೇ? ರೊಟ್ಟಿಯ ಜೊತೆ ಹಸಿ ಹಕ್ಕರಕಿ, ಮೆಂತ್ಯ ಸೊಪ್ಪು ತಿನ್ನುವುದನ್ನು ಬಿಡಿಸಬೇಕೇ? ಉಪ್ಪುನೀರಲ್ಲಿ ತೊಳೆದರೆ ಸಾಕೇ?
– ಓದುಗರು, ಗೋಕಾಕ

ಉತ್ತರ: ಬೆಲ್ಲದಿಂದ ಹುಳ ಆಗುವುದಿಲ್ಲ. ಮಲ ಬೆರೆತ ಮಣ್ಣಿನಿಂದ ಆಗುತ್ತವೆ. ಒಂದು ಹೆಣ್ಣು ದುಂಡುಹುಳ ದಿನಕ್ಕೆ ಸುಮಾರು ಎರಡು ಲಕ್ಷ ಮೊಟ್ಟೆ ಇಡುತ್ತದೆ, ಅವು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ, ಸೊಪ್ಪಿಗೆ ಅಂಟಿಕೊಂಡು ಬರುತ್ತವೆ. ಉಪ್ಪುನೀರಿಗೆ ಸಾಯುವಂಥವಲ್ಲ. ಬೇರಿನ ತುದಿ ಕತ್ತರಿಸಿ, ಎಲೆ ಬಿಡಿಸಿ, ಅಗಲ ಬೋಗುಣಿಯ ತುಂಬ ನೀರಿನಲ್ಲಿ ಅಲುಗಾಡಿಸಿ. ಆಮೇಲೆ ಬೋಗುಣಿ ಬಗ್ಗಿಸದೆ ಸೊಪ್ಪನ್ನೇ ಮೇಲೆತ್ತಿ. ಬಗ್ಗಿಸಿದರೆ ತಳದ ಮಣ್ಣು ಮತ್ತೆ ಎಲೆಗೆ ಹತ್ತುತ್ತದೆ. ಹೊಸ ನೀರಿನಲ್ಲಿ ಹೀಗೆ ಕನಿಷ್ಠ ಮೂರು ಸಲ, ತಳದಲ್ಲಿ ಮಣ್ಣು ಕಾಣದಾಗುವವರೆಗೆ. ಬಯಲಿಗೆ ಹೋಗುವ ಜಾಗದ ಹತ್ತಿರ, ಇಲ್ಲವೇ ಚರಂಡಿ ನೀರಿನಲ್ಲಿ ಬೆಳೆದ ಸೊಪ್ಪಾದರೆ ಮಕ್ಕಳಿಗೆ ಬೇಯಿಸಿಯೇ ಕೊಡಿ.