ಹಿಮ ಬೀಳುವ ಮುನ್ನ ಟ್ರೇಲರಿನ ನೀರಿನ ಕೊಳವೆಗಳ ಆರೈಕೆ

ಪ್ರಶ್ನೆ: ನಾವು ಅಮೆರಿಕದ ಮಿನೆಸೋಟ ರಾಜ್ಯದಲ್ಲಿದ್ದೇವೆ. ಈ ಬೇಸಿಗೆಯಲ್ಲಿ ಸೆಕೆಂಡ್ ಹ್ಯಾಂಡ್ ಟ್ರಾವೆಲ್ ಟ್ರೇಲರ್ (ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಮನೆಗಾಡಿ) ಒಂದನ್ನು ಕೊಂಡೆವು. ಅಡುಗೆಮನೆ, ಬಚ್ಚಲು, 6 ಗ್ಯಾಲನ್ನಿನ (ಸುಮಾರು 23 ಲೀಟರಿನ) ವಾಟರ್ ಹೀಟರ್ ಎಲ್ಲವೂ ಅದರಲ್ಲಿವೆ. ಅಕ್ಟೋಬರಿನಲ್ಲಿ ಮನೆಯ ಪಕ್ಕ ನಿಲ್ಲಿಸಿದರೆ ಮತ್ತೆ ಅದನ್ನು ಮುಟ್ಟುವುದು ಏಪ್ರಿಲಿನಲ್ಲಿಯೇ. ಟ್ಯಾಂಕಿನ ನೀರು ಬಿಟ್ಟರೆ ಸಾಕೆಂದು ಮಾರಿದವರು ಹೇಳಿದರು. ಸ್ನೇಹಿತರೊಬ್ಬರು ಕಂಪ್ರೆಸರಿನಿಂದ ಗಾಳಿ ಹಾಯಿಸಿದರೆ ಸಾಕೆನ್ನುತ್ತಾರೆ, ಮತ್ತೊಬ್ಬರು ಆಂಟಿಫ್ರೀಜ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ) ಬೇಕೇ ಬೇಕೆನ್ನುತ್ತಾರೆ. ಕಾರಿಗೆ ಹಾಕುವ ಆಂಟಿಫ್ರೀಜ್ ಮನೆಯಲ್ಲಿದೆ, ಅದನ್ನೇ ಬಳಸಬಹುದೇ?
– ಓದುಗರು, ಮಿನಿಯಾಪೊಲಿಸ್

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಜೀವಕ್ಕೆ ಸಂಬಂಧಿಸಿದ್ದು. ಕಾರಿನ ಆಂಟಿಫ್ರೀಜನ್ನು ಯಾವ ಕಾರಣಕ್ಕೂ ಬಳಸಬೇಡಿ. ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ವಿಷ. ಮುಂದಿನ ಬೇಸಿಗೆಯಲ್ಲಿ ಮಕ್ಕಳು ಲೋಟ ಹಿಡಿಯುವುದು ಅದೇ ನಲ್ಲಿಗೆ. ಆರ್‌ವಿಗಳಿಗೆಂದೇ (ಇಂಥ ಮನೆಗಾಡಿಗಳಿಗೆಂದೇ) ಮಾರುವ, ಪ್ರೊಪಿಲೀನ್ ಗ್ಲೈಕಾಲಿನಿಂದ ತಯಾರಾದ ಗುಲಾಬಿ ಬಣ್ಣದ ದ್ರವವನ್ನೇ ಕೊಳ್ಳಿ. ಗುಲಾಬಿ ಬಣ್ಣದ ಅಗ್ಗದ ದ್ರವಗಳಲ್ಲಿ ಕೆಲವಕ್ಕೆ ಆಲ್ಕೋಹಾಲ್ ಬೆರೆಸಿರುತ್ತಾರೆ; ಅದು ರಬ್ಬರ್ ಸೀಲುಗಳನ್ನು ಒಣಗಿಸುವುದರಿಂದ ಡಬ್ಬಿಯ ಮೇಲಿನ ವಿವರವನ್ನು ಓದಿಯೇ ತೆಗೆದುಕೊಳ್ಳಿ.

ಟ್ಯಾಂಕ್ ಬರಿದು ಮಾಡಿದರೆ ಸಾಕೆಂಬ ಮಾತು ಸರಿಯಲ್ಲ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ದೊಡ್ಡ ಟ್ಯಾಂಕಿನ ತಳದಲ್ಲಿ ಉಳಿದ ಒಂದಿಷ್ಟು ನೀರಿಗೆ ಹಿಗ್ಗಲು ಮೇಲೆ ಜಾಗವಿರುತ್ತದೆ. ಅಪಾಯವಿರುವುದು ಜಾಗವೇ ಇಲ್ಲದ ಕಡೆ ಸಿಕ್ಕಿಕೊಂಡ ಅಂಗೈಯಷ್ಟು ನೀರಿನಿಂದ: ಪಂಪಿನ ತಲೆಯೊಳಗೆ, ಕಮೋಡಿನ ವಾಲ್ವಿನಲ್ಲಿ, ಹೊರಗಿನ ಶವರಿನಲ್ಲಿ, ಕೊಳವೆಗಳು ಕೂಡುವ ತಿರುವುಗಳಲ್ಲಿ. ಈಗಿನ ಟ್ರೇಲರುಗಳಲ್ಲಿರುವ ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಕೊಳವೆ ಸ್ವಲ್ಪ ಹಿಗ್ಗಿ ತಾಳಿಕೊಂಡರೂ ಅದನ್ನು ಜೋಡಿಸುವ ಪ್ಲಾಸ್ಟಿಕ್ ಫಿಟ್ಟಿಂಗುಗಳು ಸೀಳುತ್ತವೆ. ಗೋಡೆಯ ಹಿಂದಿನ ಆ ಸೀಳು ಏಪ್ರಿಲಿನಲ್ಲಿ ನೀರು ಹಾಯಿಸುವವರೆಗೂ ತಿಳಿಯುವುದಿಲ್ಲ. ಮೈನಸ್ 20 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿಯುವ ರಾತ್ರಿಗಳು ಅಪರೂಪವಲ್ಲದ ನಿಮ್ಮೂರಿನಲ್ಲಿ ಇದನ್ನು ಅದೃಷ್ಟಕ್ಕೆ ಬಿಡುವಂತಿಲ್ಲ.

ಮೊದಲು ಗ್ರೇ (ಸಿಂಕು, ಬಚ್ಚಲಿನ ಕೊಳೆನೀರಿನ) ಮತ್ತು ಬ್ಲ್ಯಾಕ್ (ಕಮೋಡಿನ) ಟ್ಯಾಂಕುಗಳನ್ನು ಡಂಪ್ ಸ್ಟೇಷನ್ನಿನಲ್ಲಿ, ಅಂದರೆ ಇಂಥ ಗಾಡಿಗಳ ಕೊಳೆನೀರು ಬಿಡುವ ಜಾಗದಲ್ಲಿ, ಖಾಲಿ ಮಾಡಿ ತೊಳೆಯಿರಿ. ನೀರಿನ ಫಿಲ್ಟರ್ ಇದ್ದರೆ ಅದನ್ನು ತೆಗೆದುಬಿಡಿ. ಬಳಿಕ ಹೀಟರಿನ ಸರದಿ. ಗ್ಯಾಸು, ಕರೆಂಟು ಎರಡನ್ನೂ ನಿಲ್ಲಿಸಿ, ಒಳಗಿನ ನೀರು ಪೂರ್ತಿ ತಣ್ಣಗಾದ ಮೇಲೆ ಬಿಸಿನೀರಿನ ನಲ್ಲಿಯೊಂದನ್ನು ತೆರೆದು ಒತ್ತಡ ಇಳಿಸಿ. ತಳದ ಪ್ಲಗ್ಗನ್ನು ತೆಗೆಯುವುದು ಅದಾದ ಮೇಲೆಯೇ. ಆತುರಪಟ್ಟರೆ ಕುದಿನೀರು ಕೈಮೇಲೆ ನುಗ್ಗುತ್ತದೆ. ಉಕ್ಕಿನ ತೊಟ್ಟಿಯ ಹೀಟರುಗಳಲ್ಲಿ ಆ ಪ್ಲಗ್ಗಿಗೆ ಆನೋಡ್ ಸರಳು (ತೊಟ್ಟಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವ ಲೋಹದ ಕಡ್ಡಿ) ಅಂಟಿಕೊಂಡಿರುತ್ತದೆ, ಬಹುಪಾಲು ಸವೆದಿದ್ದರೆ ಹೊಸದನ್ನು ಹಾಕಿ. ಇಷ್ಟಾದ ಮೇಲೆ ಹೀಟರಿನ ಹಿಂಭಾಗದ ಬೈಪಾಸ್ ವಾಲ್ವುಗಳನ್ನು, ದ್ರವ ಹೀಟರಿನೊಳಗೆ ಹೋಗದೆ ಪಕ್ಕದಿಂದ ಹಾಯುವಂತೆ, ತಿರುಗಿಸಬೇಕು. ಇದನ್ನು ಮರೆತರೆ 23 ಲೀಟರಿನಷ್ಟು ಗುಲಾಬಿ ದ್ರವ ಹೀಟರಿನ ಹೊಟ್ಟೆ ಸೇರಿ ವ್ಯರ್ಥವಾಗುತ್ತದೆ. ಹೀಟರಿನ ಸ್ವಿಚ್ಚಿನ ಮೇಲೆ ‘ನೀರಿಲ್ಲ’ ಎಂದು ಚೀಟಿ ಅಂಟಿಸಿಡಿ. ಖಾಲಿ ಹೀಟರಿಗೆ ಕರೆಂಟು ಕೊಟ್ಟರೆ ಕಾಯಿಲ್ ಸುಟ್ಟುಹೋಗುತ್ತದೆ.

ಈಗ ಟ್ರೇಲರಿನ ಅಡಿಯಲ್ಲಿರುವ, ತಣ್ಣೀರಿನದೊಂದು ಬಿಸಿನೀರಿನದೊಂದು ತಗ್ಗಿನ ಡ್ರೇನುಗಳನ್ನು ತೆರೆದು, ಸಿಹಿನೀರಿನ ಟ್ಯಾಂಕನ್ನೂ ಬರಿದು ಮಾಡಿ, ಎಲ್ಲ ನಲ್ಲಿಗಳನ್ನೂ ಬಿಡಿ. ಗಾಳಿಯೋ ಆಂಟಿಫ್ರೀಜೋ ಎಂಬ ನಿಮ್ಮ ಸ್ನೇಹಿತರ ವಾದಕ್ಕೆ ನನ್ನ ಅಭಿಪ್ರಾಯವೆಂದರೆ, ಮಿನೆಸೋಟದಲ್ಲಿ ಎರಡನ್ನೂ ಮಾಡುವುದೇ ಲೇಸು. ಒಂದೇ ಸಾಧ್ಯವೆಂದಾದರೆ ಆಂಟಿಫ್ರೀಜ್. ಗಾಳಿ ಕೊಳವೆಗಳ ನೀರನ್ನು ತಳ್ಳುತ್ತದೆಯೇ ಹೊರತು ಪಂಪಿನೊಳಗೂ ತಗ್ಗಿನ ತಿರುವುಗಳಲ್ಲೂ ನಿಂತ ಹನಿಗಳನ್ನೆಲ್ಲ ತೆಗೆಯುವ ಭರವಸೆಯಿಲ್ಲ. ಗಾಳಿ ಹಾಯಿಸುವುದಾದರೆ ಒತ್ತಡ 40 ಪಿಎಸ್‌ಐ (ಚದರ ಅಂಗುಲಕ್ಕೆ 40 ಪೌಂಡ್) ಮೀರದಿರಲಿ, ಒಂದೊಂದೇ ನಲ್ಲಿಯನ್ನು ತೆರೆಯಿರಿ. ನೀರು ಮೊದಲೇ ಹೊರಹೋಗಿದ್ದರೆ ಆಮೇಲೆ ಹಾಕುವ ದ್ರವ ತೆಳುವಾಗುವುದಿಲ್ಲ ಎಂಬುದು ಇದರ ದೊಡ್ಡ ಲಾಭ.

ಡ್ರೇನುಗಳನ್ನೂ ನಲ್ಲಿಗಳನ್ನೂ ಮುಚ್ಚಿ, ಪಂಪಿನ ಹೀರುಬಾಯಿಗೆ ಕಿರುಕೊಳವೆ ಜೋಡಿಸಿ, ಅದರ ತುದಿಯನ್ನು ದ್ರವದ ಡಬ್ಬಿಯಲ್ಲಿ ಮುಳುಗಿಸಿ ಪಂಪ್ ಚಾಲೂ ಮಾಡಿ. ಪಂಪಿಗೆ ಹತ್ತಿರದ ನಲ್ಲಿಯಿಂದ ಆರಂಭಿಸಿ, ಮೊದಲು ತಣ್ಣೀರು ಆಮೇಲೆ ಬಿಸಿನೀರು ಎಂಬಂತೆ, ಗಾಢ ಗುಲಾಬಿ ಬರುವವರೆಗೂ ಬಿಡಿ. ಒಳಗಿನ ಶವರು, ಹೊರಗಿನ ಶವರು, ಕಮೋಡು, ಇದ್ದರೆ ವಾಷಿಂಗ್ ಮೆಷಿನ್, ಯಾವುದೂ ತಪ್ಪಬಾರದು. ಜನ ಹೆಚ್ಚಾಗಿ ಮರೆಯುವುದು ಹೊರಗಿನ ಶವರನ್ನು ಮತ್ತು ಹೊರಗಿನಿಂದ ನೀರಿನ ಪೈಪು ಜೋಡಿಸುವ ಬಾಯಿಯನ್ನು. ಆ ಬಾಯಿಯ ಜರಡಿ ತೆಗೆದು, ಒಳಗಿನ ಚೆಕ್ ವಾಲ್ವನ್ನು (ನೀರು ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವು) ಮೆಲ್ಲಗೆ ಒತ್ತಿ, ಗುಲಾಬಿ ದ್ರವ ತುಸು ಹೊರಬರುವಂತೆ ಮಾಡಿ. ಅದು ಚಿಮ್ಮುವುದರಿಂದ ಮುಖ ದೂರವಿರಲಿ. ಕೊನೆಗೆ ಸಿಂಕು, ಬಚ್ಚಲುಗಳ ಕೆಳಗಿನ ಬಾಗುಕೊಳವೆಗಳಿಗೆ ಒಂದೊಂದು ಲೋಟ ದ್ರವ ಸುರಿಯಿರಿ. ನಿಮ್ಮ ಗಾತ್ರದ ಟ್ರೇಲರಿಗೆ ಒಟ್ಟು 2ರಿಂದ 3 ಗ್ಯಾಲನ್, ಅಂದರೆ ಸುಮಾರು 8ರಿಂದ 11 ಲೀಟರ್ ಸಾಕಾಗುತ್ತದೆ.

ಡಬ್ಬಿಯ ಮೇಲೆ ಮೈನಸ್ 50 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು ಮೈನಸ್ 46 ಡಿಗ್ರಿ ಸೆಲ್ಸಿಯಸ್) ಎಂದು ಬರೆದಿದ್ದರೆ ಕೊಳವೆ ಒಡೆಯದಂತೆ ಕಾಯುವ ಮಿತಿ ಅದೆಂದು ತಿಳಿಯಿರಿ. ಅದಕ್ಕಿಂತ ಬಹಳ ಮೊದಲೇ ದ್ರವ ಗಂಜಿಯಂತೆ ಗಟ್ಟಿಯಾಗುತ್ತದೆ, ಗಾಬರಿ ಬೇಡ.

ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ನಾಲ್ವರು ಮೋಟರ್‌ಹೋಮಿನಲ್ಲಿ (ಸ್ವಂತ ಎಂಜಿನ್ ಇರುವ ಮನೆಗಾಡಿ) ಟೆಕ್ಸಾಸಿಗೆ ಹೊರಡುತ್ತೇವೆ. ಕೊಳವೆಗಳಿಗೆ ಆಂಟಿಫ್ರೀಜ್ ಹಾಕಿಯಾಗಿದೆ. ಹೊರಡುವ ಮುನ್ನ ತೆಗೆಯಬೇಕೇ?
– ಓದುಗರು, ಶಿಕಾಗೊ

ಉತ್ತರ: ತೆಗೆಯಬೇಡಿ. ಒಳಗೆ ಗಾಡಿಯನ್ನು ಬೆಚ್ಚಗಿಡುವ ಹೀಟರ್ ಉರಿಯುತ್ತಿದ್ದರೂ ಓಡುವ ಗಾಡಿಯ ಅಡಿಭಾಗಕ್ಕೆ ಹೊಡೆಯುವ ಶೀತಗಾಳಿ ಅಲ್ಲಿನ ಕೊಳವೆಗಳನ್ನು ಹೆಪ್ಪುಗಟ್ಟಿಸಬಲ್ಲದು. ಹೆಪ್ಪುಗಟ್ಟುವ ಚಳಿಯ ಪ್ರದೇಶ ದಾಟುವವರೆಗೆ ಕುಡಿಯಲು, ಅಡುಗೆಗೆ ಕ್ಯಾನಿನ ನೀರನ್ನು ಇಟ್ಟುಕೊಳ್ಳಿ. ಕಮೋಡಿಗೆ ನೀರಿನ ಬದಲು ಅದೇ ಗುಲಾಬಿ ದ್ರವವನ್ನು ಸುರಿದರೆ ಬ್ಲ್ಯಾಕ್ ಟ್ಯಾಂಕಿನ ವಾಲ್ವೂ ಹೆಪ್ಪುಗಟ್ಟದೆ ಉಳಿಯುತ್ತದೆ.

ರಾತ್ರಿಯೂ ಶೂನ್ಯಕ್ಕಿಳಿಯದ ಊರು ತಲುಪಿದ ಮೇಲೆ, ನೀರಿನ ಬಣ್ಣವೂ ನೊರೆಯೂ ಹೋಗುವವರೆಗೆ ನಲ್ಲಿಗಳನ್ನು ತೊಳೆದು, ಬೈಪಾಸನ್ನು ಮೊದಲಿನಂತೆ ತಿರುಗಿಸಿ. 15 ಗ್ಯಾಲನ್ ನೀರಿಗೆ ಕಾಲು ಕಪ್ಪಿನಂತೆ ಪರಿಮಳವಿಲ್ಲದ ಬ್ಲೀಚ್ ಬೆರೆಸಿ, ಎಲ್ಲ ನಲ್ಲಿಗಳಿಗೂ ಹರಿಸಿ, ಒಂದು ರಾತ್ರಿ ಬಿಟ್ಟು, ವಾಸನೆ ಹೋಗುವಂತೆ ಹೊಸ ನೀರಿನಿಂದ ಮತ್ತೆ ತೊಳೆದ ಬಳಿಕವೇ ನಲ್ಲಿಯ ನೀರನ್ನು ಕುಡಿಯಿರಿ. ವಾಟರ್ ಹೀಟರ್ ತುಂಬಿ, ಬಿಸಿನೀರಿನ ನಲ್ಲಿಯಲ್ಲಿ ಧಾರೆ ಕಡಿಯದೆ ಬರುವವರೆಗೆ ಅದರ ಸ್ವಿಚ್ ಹಾಕಬೇಡಿ. ಮರಳುವಾಗ ಚಳಿಯ ರಾಜ್ಯಗಳನ್ನು ಹೊಕ್ಕುವ ಮೊದಲೇ ಇಡೀ ಕೆಲಸವನ್ನು ಮತ್ತೊಮ್ಮೆ ಮಾಡಬೇಕಾಗುತ್ತದೆ. ಅದಕ್ಕೆ ಬೇಕಾದ ಮೂರು ಡಬ್ಬಿ ದ್ರವವನ್ನು ಹೊರಡುವಾಗಲೇ ಜೊತೆಗಿಟ್ಟುಕೊಳ್ಳಿ.