ಓದುಗರ ಪ್ರಶ್ನೆ: ಗೈಡ್ ಬಾಗಿಲು ತೆರೆದೇ ಇದೆ, ವಿದ್ಯಾರ್ಥಿ ಬರುತ್ತಿಲ್ಲ

ಪ್ರಶ್ನೆ: ನನ್ನ ಹತ್ತಿರ ಐದು ಜನ ಪಿಎಚ್‌ಡಿ ಮಾಡುತ್ತಿದ್ದಾರೆ. "ಯಾವಾಗ ಬೇಕಾದರೂ ಬನ್ನಿ, ಬಾಗಿಲು ತೆರೆದೇ ಇರುತ್ತೆ" ಅಂತ ಮೊದಲ ದಿನವೇ ಹೇಳಿದ್ದೇನೆ. ಆದರೂ ಇಬ್ಬರು ಮೂರು ತಿಂಗಳಿಂದ ಮುಖ ತೋರಿಸಿಲ್ಲ. ಕಾರಿಡಾರಿನಲ್ಲಿ ನನ್ನನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಾರೆ. ನಾನು ಬೈಯುವವಳೂ ಅಲ್ಲ. ಇನ್ನೇನು ಮಾಡಬೇಕು?
– ಒಬ್ಬ ಪ್ರಾಧ್ಯಾಪಕಿ

ಉತ್ತರ: ಮೇಡಂ, ಆ "ಯಾವಾಗ ಬೇಕಾದರೂ" ಅನ್ನುವುದರಲ್ಲೇ ತೊಂದರೆ ಇದೆ. ವಿದ್ಯಾರ್ಥಿಯ ಕಿವಿಗೆ ಅದು "ತೋರಿಸೋಕೆ ಏನಾದರೂ ಇದ್ದರೆ ಬಾ" ಅಂತ ಕೇಳಿಸುತ್ತದೆ. ಈ ವಾರ ಕೆಲಸ ಸಾಗಿಲ್ಲ, ಮುಂದಿನ ವಾರ ಹೋಗೋಣ ಅಂದುಕೊಳ್ಳುತ್ತಾರೆ. ಆಗ ಎರಡು ವಾರದ ಕೆಲಸ ತೋರಿಸಬೇಕಲ್ಲ ಅನ್ನುವ ಭಯ, ಅದರ ಮುಂದಿನ ವಾರ ಮೂರು ವಾರದ್ದು, ಹೀಗೆ ಬಡ್ಡಿ ಬೆಳೆದ ಹಾಗೆ ಬೆಳೆಯುತ್ತದೆ. ಸಾಲ ಕೊಟ್ಟವರನ್ನು ಕಂಡರೆ ಜನ ಪಕ್ಕದ ಓಣಿಗೆ ತಿರುಗುತ್ತಾರಲ್ಲ, ಅವರಿಬ್ಬರು ಮಾಡುತ್ತಿರುವುದೂ ಅದನ್ನೇ.

ಬಾಗಿಲು ತೆರೆದಿಡುವ ಬದಲು ದಿನ ಗೊತ್ತುಮಾಡಿ. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ, ಕೆಲಸ ಆಗಿರಲಿ ಬಿಡಲಿ. ಮುಗಿದ ಮೇಲೆ ಏನು ಮಾತಾಯಿತು ಅಂತ ಅವರೇ ನಾಲ್ಕು ಸಾಲು ಮೇಲ್ ಮಾಡಲಿ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ನೀವು ಸುಮ್ನೆ "ಇದನ್ನೂ ಒಂದು ಸಲ ನೋಡಬಹುದೇನೋ" ಅಂದದ್ದನ್ನು ಅವರು ಅಪ್ಪಣೆ ಅಂತ ತಿಳಿದು ಎರಡು ತಿಂಗಳು ಅದರ ಹಿಂದೆ ಬಿದ್ದಿರುತ್ತಾರೆ. ಮೇಲ್ ನೋಡಿದರೆ ಅದು ಅವತ್ತೇ ಗೊತ್ತಾಗುತ್ತದೆ.

ಇನ್ನೊಂದು, ಚಾಪ್ಟರ್ ಕೈಗೆ ಬಂದ ಕೂಡಲೇ ವಾಪಸ್ ಕೊಡುವ ತಾರೀಕು ಹೇಳಿ. ಆಗದಿದ್ದರೆ "ಇನ್ನೂ ಓದಿಲ್ಲ, ಇನ್ನೊಂದು ವಾರ ಬೇಕು" ಅಂತ ಹೇಳಿ. ನಾನು ಪಿಎಚ್‌ಡಿ ಮಾಡುವಾಗ ಮೂರನೇ ಚಾಪ್ಟರ್ ಕೊಟ್ಟು ನಾಲ್ಕು ತಿಂಗಳು ಕಾದೆ. ಬರೆದದ್ದೆಲ್ಲ ಕಸ, ಹೇಳೋಕೆ ಅವರಿಗೆ ಸಂಕೋಚ, ಅಂತ ನಾನೇ ತೀರ್ಮಾನ ಮಾಡಿಕೊಂಡು ಬೇರೆ ಕೆಲಸ ಹುಡುಕಲು ಶುರು ಮಾಡಿದ್ದೆ. ಆಮೇಲೆ ನೋಡಿದರೆ ಅದು ಅವರ ಬ್ಯಾಗಿನಲ್ಲೇ ಇತ್ತು, ತೆರೆದೇ ಇರಲಿಲ್ಲ! ಚೆನ್ನಾಗಿ ಓದುವವರೂ "ನಾನು ಇಲ್ಲಿಗೆ ಲಾಯಕ್ಕಲ್ಲ, ಇವತ್ತಲ್ಲ ನಾಳೆ ಸಿಕ್ಕಿಬೀಳುತ್ತೇನೆ" ಅಂತ ಒಳಗೊಳಗೇ ಹೆದರುವುದಕ್ಕೆ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಮನಶ್ಶಾಸ್ತ್ರಜ್ಞೆಯರು 1978ರಲ್ಲೇ ಇಂಪೋಸ್ಟರ್ ಫಿನಾಮಿನನ್, ಅಂದರೆ ತಾನು ನಕಲಿ ಅನ್ನುವ ಭಾವನೆ, ಅಂತ ಹೆಸರಿಟ್ಟರು. ಅಂಥ ಮನಸ್ಸಿಗೆ ಗೈಡ್ ಸುಮ್ಮನಿದ್ದಾರೆ ಅನ್ನುವುದೇ ಸಾಕ್ಷಿಯಾಗಿಬಿಡುತ್ತದೆ.

ನಾನು ಜಾಸ್ತಿ ಹೇಳುತ್ತಿದ್ದೇನೆ ಅನ್ನಿಸಿತಾ? 2018ರಲ್ಲಿ ನೇಚರ್ ಬಯೋಟೆಕ್ನಾಲಜಿ ಪತ್ರಿಕೆಯಲ್ಲಿ 26 ದೇಶಗಳ 2,279 ಜನರ ಸಮೀಕ್ಷೆ ಬಂದಿತ್ತು, ಹೆಚ್ಚಿನವರು ಪಿಎಚ್‌ಡಿಯವರೇ. 41% ಜನರಲ್ಲಿ ಆತಂಕ, 39% ಜನರಲ್ಲಿ ಖಿನ್ನತೆ, ಅದೂ ಮಧ್ಯಮದಿಂದ ತೀವ್ರ ಮಟ್ಟದ್ದು. ಕಷ್ಟದಲ್ಲಿರುವವರೇ ಹೆಚ್ಚಾಗಿ ಉತ್ತರ ಬರೆದಿರಬಹುದು, ಹಾಗಾಗಿ ಅಂಕಿಯನ್ನು ಸ್ವಲ್ಪ ಹುಷಾರಾಗಿಯೇ ಓದಬೇಕು. ನನಗೆ ನಾಟಿದ್ದು ಬೇರೆ ಸಂಗತಿ. ಹಾಗೆ ಒದ್ದಾಡುತ್ತಿದ್ದವರಲ್ಲಿ ಸುಮಾರು ಅರ್ಧ ಜನ, ಗೈಡ್‌ನಿಂದ ನಿಜವಾದ ಮಾರ್ಗದರ್ಶನ ಸಿಗುತ್ತಿದೆ ಅನ್ನುವ ಮಾತನ್ನು ಒಪ್ಪಲಿಲ್ಲ.

ಆ ಇಬ್ಬರಿಗೆ ಈಗ ನೀವೇ ಮೆಸೇಜ್ ಮಾಡಿ: "ಗುರುವಾರ 11 ಗಂಟೆಗೆ ಸಿಗೋಣ. ಏನೂ ತರಬೇಡ." ಯಾಕೆ ಬರಲಿಲ್ಲ ಅಂತ ಮಾತ್ರ ಕೇಳಬೇಡಿ.

ಪ್ರಶ್ನೆ: ನಾನು ವಿಶ್ವವಿದ್ಯಾಲಯದ ಪಿಎಚ್‌ಡಿ ಸೆಕ್ಷನ್‌ನಲ್ಲಿ ಗುಮಾಸ್ತ. ನಾವು ಪಾಠ ಮಾಡುವವರಲ್ಲ, ಗೈಡೂ ಅಲ್ಲ. ನಮ್ಮಿಂದ ಏನಾಗುತ್ತೆ?

ಉತ್ತರ: ಸರ್, ಎಷ್ಟೋ ಸಲ ನಿಮ್ಮಿಂದಲೇ ಆಗುವುದು. ವಿದ್ಯಾರ್ಥಿಯ ರಿಜಿಸ್ಟ್ರೇಷನ್, ಫೆಲೋಶಿಪ್, ಅವಧಿ ವಿಸ್ತರಣೆ ಎಲ್ಲ ನಿಮ್ಮ ಮೇಜು ದಾಟಿಯೇ ಹೋಗಬೇಕು. ಒಂದೇ ಒಂದು ಹಾಳೆ ತಯಾರು ಮಾಡಿ: ಯಾವ ಅರ್ಜಿ, ಯಾರ ಸಹಿ ಮೊದಲು, ಯಾರದು ಆಮೇಲೆ, ಸಾಮಾನ್ಯವಾಗಿ ಎಷ್ಟು ದಿನ. ಬಂದವರಿಗೆ ಏನೇನು ಕಮ್ಮಿ ಇದೆ ಅಂತ ಒಂದೇ ಸಲ ಹೇಳಿ. ಇವತ್ತು ಫೋಟೋ ಇಲ್ಲ, ನಾಳೆ ಚಲನ್ ಇಲ್ಲ ಅಂತ ಓಡಾಡಿಸುವುದು ಬೇಡ. "ಪ್ರೊಸೆಸ್‌ನಲ್ಲಿದೆ" ಅನ್ನುವುದಕ್ಕಿಂತ ಕೆಟ್ಟ ಉತ್ತರ ಇನ್ನೊಂದಿಲ್ಲ, ಕಡತ ಯಾರ ಮೇಜಿನ ಮೇಲಿದೆ ಅಂತ ಹೇಳಿದರೆ ಆ ಹುಡುಗಿ ಅವತ್ತು ರಾತ್ರಿ ನಿದ್ದೆ ಮಾಡುತ್ತಾಳೆ. ಫೆಲೋಶಿಪ್ ತಡವಾಗುತ್ತೆ ಅಂತ ಗೊತ್ತಾದರೆ ಮೊದಲೇ ತಿಳಿಸಿ, ಬಾಡಿಗೆಯ ತಾರೀಕು ಮುಂದೆ ಹೋಗುವುದಿಲ್ಲವಲ್ಲ. ವಿದೇಶದಿಂದ ಬಂದವರಿಗಂತೂ ರಿಜಿಸ್ಟ್ರೇಷನ್ ತಪ್ಪಿದರೆ ವೀಸಾಕ್ಕೇ ಕುತ್ತು. ಕಾಯಿಲೆ, ಬಾಣಂತನಕ್ಕೆ ರಜೆ ಇದೆಯಾ ಅಂತ ಗೈಡ್ ಹತ್ತಿರ ಕೇಳಲು ಹಿಂಜರಿಯುವವರು ಬಹಳ ಜನ. ಆ ನಿಯಮಗಳನ್ನು ಕೇಳುವ ಮೊದಲೇ ನೋಟಿಸ್ ಬೋರ್ಡಿಗೆ ಹಾಕಿಬಿಡಿ.

ಪ್ರಶ್ನೆ: ಥೀಸಿಸ್ ವಿಷಯ ಮಾತಾಡುತ್ತಾ ನನ್ನ ವಿದ್ಯಾರ್ಥಿ ಅತ್ತುಬಿಟ್ಟ. ನಾನು ಭೌತಶಾಸ್ತ್ರದವನು, ಏನು ಹೇಳಬೇಕೋ ತೋಚಲಿಲ್ಲ.

ಉತ್ತರ: ತೋಚದಿದ್ದದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ "ನಮ್ಮ ಕಾಲದಲ್ಲಿ" ಅಂತ ಶುರು ಮಾಡುತ್ತಿದ್ದಿರೇನೋ. ನೀವು ಡಾಕ್ಟರ್ ಆಗಬೇಕಿಲ್ಲ. ಕೇಳಿಸಿಕೊಳ್ಳಿ, ಕೌನ್ಸೆಲರ್ ನಂಬರ್ ಕೈಯಲ್ಲಿಟ್ಟುಕೊಳ್ಳಿ, ಬೇಕಾದರೆ ಜೊತೆಗೆ ಬರುತ್ತೇನೆ ಅನ್ನಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಬಹುದು, ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ, ಗುಟ್ಟಾಗಿಯೂ ಇಡಬೇಡಿ, ತಕ್ಷಣ ಸಹಾಯಕ್ಕೆ ಕರೆಯಿರಿ. ಉಳಿದಂತೆ ಲ್ಯಾಬಿನಲ್ಲಿ ಈ ಮಾತು ಯಾರ ಕಿವಿಗೂ ಬೀಳದಿರಲಿ. ಆಮೇಲೆ ನಿಮ್ಮ ಕೈಯಲ್ಲೇ ಇರುವ ಔಷಧಿ ಒಂದಿದೆ: ಯಾವ ಕೆಲಸ ಮುಂದಕ್ಕೆ ಹಾಕಬಹುದು ಅಂತ ಇಬ್ಬರೂ ಕೂತು ನೋಡಿ.

ಪ್ರಶ್ನೆ: ಲೇಖನದಲ್ಲಿ ಯಾರ ಹೆಸರು ಮೊದಲು ಅಂತ ವಿದ್ಯಾರ್ಥಿ ಜೊತೆ ಯಾವಾಗ ಮಾತಾಡಬೇಕು?

ಉತ್ತರ: ಕೆಲಸ ಶುರುವಾಗುವ ಮೊದಲು. ನಡುವೆ ಕೆಲಸ ಹಂಚಿಕೆ ಬದಲಾದರೆ ಇನ್ನೊಮ್ಮೆ. ವಿದ್ಯಾರ್ಥಿ ತಾನಾಗಿ ಈ ಮಾತು ಎತ್ತುವುದಿಲ್ಲ, ನೀವೇ ಎತ್ತಬೇಕು. ಹಣ ತಂದುಕೊಟ್ಟವರನ್ನೆಲ್ಲ ಲೇಖಕರು ಮಾಡಬೇಕಾಗಿಲ್ಲ, ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯೇ ಅಷ್ಟು ಸಾಲದು ಅಂತ ಬರೆದಿಟ್ಟಿದೆ. ನಿಮ್ಮ ಹಿರಿಯ ಸಹೋದ್ಯೋಗಿ ಹೆಸರು "ಸುಮ್ನೆ ಇರಲಿ" ಅಂತ ಸೇರಿಸುವ ಮುಂಚೆ ಇದನ್ನು ನೆನಪಿಸಿಕೊಳ್ಳಿ. ಅವರಿಗೆ ಇಲ್ಲ ಅನ್ನಲು ವಿದ್ಯಾರ್ಥಿಗೆ ಆಗುವುದಿಲ್ಲ, ನಿಮಗೆ ಆಗುತ್ತದೆ.