ವೈರೀಕಾ ಕಡೆ ಮನೆ ಕೊಳ್ಳುವ ಮೊದಲು

ಮೊದಲು ಒಂದು ಸಣ್ಣ ವಿಷಯ. ನೀವು ಕೆಲಸಕ್ಕೆ ಬರುತ್ತಿರುವ ಈ ಉತ್ತರ ಕ್ಯಾಲಿಫೋರ್ನಿಯಾದ ಊರಿನ ಹೆಸರು ಯ್ರೆಕಾ ಅಲ್ಲ, ವೈರೀಕಾ. ಕೆಲಸಕ್ಕೆ ಸೇರಿದ ಮೊದಲ ದಿನವೇ ಯಾರಾದರೂ ತಿದ್ದುತ್ತಾರೆ, ಅದಕ್ಕೆ ಮುಂಚೆ ನಾನೇ ಹೇಳಿಬಿಟ್ಟೆ.

ನೀವು ಕೇಳಿದ್ದು, ಶಾಸ್ತಾ ಬೆಟ್ಟ ಸಿಡಿದರೆ ಏನು ಗತಿ, ವೈರೀಕಾ ಇರುವ ಸಿಸ್ಕಿಯು ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ಮನೆ ಕೊಳ್ಳಬಹುದಾ ಅಂತ. ಹನ್ನೆರಡು ವರ್ಷದಿಂದ ಆ ಬೆಟ್ಟದ ಬುಡದಲ್ಲೇ ಇದ್ದೇನೆ. ಅದು ಜ್ವಾಲಾಮುಖಿ ಹೌದು, ಅಮೆರಿಕದ ಭೂವಿಜ್ಞಾನ ಇಲಾಖೆ ಯುಎಸ್‌ಜಿಎಸ್‌ನವರು ಯಂತ್ರ ಇಟ್ಟು ಕಾಯುತ್ತಿದ್ದಾರೆ. ಆದರೆ ಈಚೆಗೆ ಅಲ್ಲಿಂದ ಇಳಿದು ಬಂದದ್ದು ಬೆಂಕಿಯಲ್ಲ, ಕೆಸರು. 2014ರ ಸೆಪ್ಟೆಂಬರ್‌ನಲ್ಲಿ ಹಿಮನದಿ ಕರಗಿ ಮೆಕ್ಲೌಡ್ ಊರಿನ ಹತ್ತಿರದ ಮಡ್ ಕ್ರೀಕ್ ಅನ್ನುವ ಹಳ್ಳದಲ್ಲಿ ಕಲ್ಲು, ಮಣ್ಣು ಎಲ್ಲ ನುಗ್ಗಿತು. ಹಳ್ಳದ ಹೆಸರೇ ಹೇಳುತ್ತದಲ್ವಾ! ಅದರ ಪಕ್ಕ ಮನೆ ನೋಡಬೇಡಿ, ಅಷ್ಟೇ.

ಇಲ್ಲಿ ಮನೆ ನುಂಗುವುದು ಕಾಡಿನ ಬೆಂಕಿ. ಅದೇ ಸೆಪ್ಟೆಂಬರ್‌ನಲ್ಲಿ ವೀಡ್ ಅನ್ನುವ ಪುಟ್ಟ ಊರಿನಲ್ಲಿ ಕೆಲವೇ ಗಂಟೆಗಳಲ್ಲಿ 150ಕ್ಕೂ ಜಾಸ್ತಿ ಮನೆ ಸುಟ್ಟವು. 2020ರಲ್ಲಿ ಹ್ಯಾಪಿ ಕ್ಯಾಂಪ್ ಅನ್ನುವ ಊರು. 2022ರ ಜುಲೈ ಕೊನೆಗೆ ಕ್ಲಾಮತ್ ನದಿ ದಂಡೆಯಲ್ಲಿ ಮೆಕಿನ್ನಿ ಬೆಂಕಿ, ನಾಲ್ಕು ಜನ ಹೋದರು. ಐದು ವಾರ ಕಳೆದು ಮತ್ತೆ ವೀಡ್, ಅಲ್ಲಿ ಇಬ್ಬರು. ಆ ಊರಿನ ಗಾಳಿ ಅಂಥದ್ದು. ಕೊಯ್ದ ಮರ ಬೇಗ ಒಣಗುತ್ತದೆ ಅಂತಲೇ ಆಬ್ನರ್ ವೀಡ್ ಅನ್ನುವವನು ಅಲ್ಲಿ ಮರದ ಮಿಲ್ ಹಾಕಿದ್ದು. ಮರ ಒಣಗಿಸುವ ಗಾಳಿ ಬೆಂಕಿಯನ್ನೂ ಓಡಿಸುತ್ತದೆ.

ಬೆಂಕಿ ಅಂದರೆ ಗೋಡೆಯ ಹಾಗೆ ಎದ್ದು ಬರುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ, ಎಷ್ಟೋ ಮನೆ ಹತ್ತಿಕೊಳ್ಳುವುದು ದೂರದಿಂದ ಹಾರಿ ಬಂದ ಕಿಡಿಯಿಂದ. ಮಲೆನಾಡಲ್ಲಿ ಮಳೆನೀರು ಹರಿದುಹೋಗಲು ಸೂರಿಗೆ ಅಡಿಕೆ ದಂಬೆ ಕಟ್ಟುತ್ತಿದ್ದರಲ್ಲ, ಇಲ್ಲಿ ಅದೇ ಜಾಗಕ್ಕೆ ತಗಡಿನದ್ದು ಇರುತ್ತದೆ. ಅದರ ತುಂಬ ಪೈನ್ ಮರದ ಸೂಜಿ ಎಲೆ, ಬೇಸಿಗೆಯಲ್ಲಿ ಮುಟ್ಟಿದರೆ ಚುರುಚುರು ಅನ್ನುತ್ತದೆ. ಊರಲ್ಲಿ ದರಗು, ಅಂದರೆ ಒಣಗಿದ ಎಲೆ, ಗುಡಿಸಿ ಕೊಟ್ಟಿಗೆಗೆ ಹಾಕುತ್ತಿದ್ದೆವು. ಇಲ್ಲಿ ಅದನ್ನು ಬಿಟ್ಟರೆ ಒಲೆ ಹೂಡಿಟ್ಟ ಹಾಗೆ. ಮನೆ ನೋಡಲು ಹೋದಾಗ ಅಡುಗೆಮನೆ ಆಮೇಲೆ ನೋಡಿ, ಮೊದಲು ಸೂರು ನೋಡಿ. ಅಟ್ಟದ ಗಾಳಿಕಿಂಡಿಗೆ ಸಣ್ಣ ಕಣ್ಣಿನ ತಂತಿ ಜಾಲರಿ ಇದೆಯಾ, ಮರದ ಬೇಲಿ ಗೋಡೆಗೇ ತಾಗಿದೆಯಾ, ಹೆಂಚು ಏನು ಅಂತ.

ಮಾರುವವರು ಕೊಡುವ ಕಾಗದದಲ್ಲಿ ಆ ಜಾಗ ಎಷ್ಟು ಬೆಂಕಿ ಅಪಾಯದ ವಲಯ, ಪ್ರವಾಹ ವಲಯವಾ ಅನ್ನುವುದೆಲ್ಲ ಇರುತ್ತದೆ, ಅದನ್ನು ಓದದೆ ಸಹಿ ಹಾಕಬೇಡಿ. ಅದಕ್ಕಿಂತ ಮುಖ್ಯ ಇನ್ಶೂರೆನ್ಸ್. ಒಂದು ಕಂಪನಿ ವರ್ಷಾನುಗಟ್ಟಲೆ ನನ್ನ ದುಡ್ಡು ತಗೊಂಡು, ಒಂದು ದಿನ ಇನ್ನು ಮುಂದುವರಿಸುವುದಿಲ್ಲ ಅಂತ ಒಂದು ಪುಟದ ಕಾಗದ ಕಳಿಸಿತು. ಕೊನೆಗೆ ಫೇರ್ ಪ್ಲಾನ್‌ಗೆ ಹೋದೆ, ಯಾರೂ ಕೊಡದಿದ್ದಾಗ ಸಿಗುವ ಪಾಲಿಸಿ ಅದು. ಅದು ಇರುವುದು ಮುಖ್ಯವಾಗಿ ಬೆಂಕಿಗೆ. ಕಳ್ಳತನಕ್ಕೆ ಬೇರೆ ಪಾಲಿಸಿ ಬೇಕು. ಪ್ರವಾಹ, ಭೂಕಂಪ ಮಾಮೂಲಿ ಮನೆ ಪಾಲಿಸಿಯಲ್ಲೂ ಬರುವುದಿಲ್ಲ. ಹಾಗಾಗಿ ಮನೆ ಇಷ್ಟವಾದ ದಿನವೇ ವಿಳಾಸ ಕೊಟ್ಟು ಕೊಟೇಶನ್ ಕೇಳಿ, ಮುಂಗಡ ಕೊಟ್ಟ ಮೇಲಲ್ಲ.

ಆಮೇಲೆ ದಾರಿ. ನೀವು ಹೇಳಿದ ನದಿ ಪಕ್ಕದ ಮನೆ ಚೆಂದ ಇರಬಹುದು, ಆದರೆ ಅಲ್ಲಿಗೆ ಹೋಗುವುದು 96ನೇ ಹೆದ್ದಾರಿ, ಒಂದು ಕಡೆ ಗುಡ್ಡ, ಒಂದು ಕಡೆ ಕ್ಲಾಮತ್. ರಾತ್ರಿ ಒಂದು ಸಲ ಕಾರಲ್ಲಿ ಹೋಗಿ ನೋಡಿ. ಮುಂದೆ ಬೆಂಕಿ ಇದ್ದರೆ ಹಿಂದಕ್ಕೆ ಹೋಗಬಹುದಾ, ಫೋನಿಗೆ ಸಿಗ್ನಲ್ ಎಲ್ಲಿ ಬಿಡುತ್ತದೆ ಅಂತ ಗೊತ್ತಾಗುತ್ತದೆ. ಕರೆಂಟ್ ಹೋದರೆ ವೈಫೈ ಕೂಡ ಇಲ್ಲ. ನಾವು ಜೂನ್‌ನಿಂದ ಅಕ್ಟೋಬರ್‌ವರೆಗೆ ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಸುವುದಿಲ್ಲ, ಪಾಸ್‌ಪೋರ್ಟ್ ಚೀಲ ಬಾಗಿಲ ಹಿಂದೆಯೇ ನೇತಾಡುತ್ತಿರುತ್ತದೆ.

ಇಷ್ಟು ಹೇಳಿ ಹೆದರಿಸಿದೆನೇನೋ. ನಾನಾದರೆ ಮೊದಲ ಒಂದು ವರ್ಷ ವೈರೀಕಾ ಪೇಟೆಯೊಳಗೇ ಬಾಡಿಗೆಗೆ ಇರುತ್ತಿದ್ದೆ. ಕೊಳ್ಳುವುದೇ ಅಂತಾದರೆ ವಿಳಾಸ ಕಳಿಸಿ, ಭಾನುವಾರ ಹೋಗಿ ಸೂರು ನೋಡಿ ಬರುತ್ತೇನೆ. ಏಣಿ ನನ್ನ ಹತ್ತಿರ ಇದೆ.